ಮೂಗಿಗೆ ಇಟ್ಟ ನೈವೇದ್ಯ

ಮತ್ತೆ ಬಂದೆಯಾ, ಮಗಳೇ? ನಾನು ಕತೆ ಶುರು ಮಾಡಿದ ಕೂಡಲೇ ನಿನಗೆ ಬಾಯಾರಿಕೆ, ಸೊಳ್ಳೆ, ಕಳೆದುಹೋದ ಚಪ್ಪಲಿ ಎಲ್ಲ ನೆನಪಾಗುತ್ತದೆ. ಇನ್ನೊಂದು ಸಲ ನಡುವೆ ಬಾಯಿ ಹಾಕಿದರೆ ಡಂಗುರದವನನ್ನು ವಾಪಸ್ ಕಳಿಸಿಬಿಡುತ್ತೇನೆ. ಕೂತುಕೋ.

ಡಂಗುರ ಹೀಗಿತ್ತು: "ಕೆಂಚನಗಡದ ದೊರೆಗಳ ಅಪ್ಪಣೆ, ಕೇಳ್ರಪ್ಪೋ ಕೇಳಿ. ದೊರೆಗಳ ತಂದೆಯ ಕಾಲದ ಮೋಟಾರು ದಸರೆ ಮೆರವಣಿಗೆಯಲ್ಲಿ ಕೆಮ್ಮಿ, ಕುಂಟಿ, ನಡುಬೀದಿಯಲ್ಲಿ ನಿಂತು ಮಾನ ಕಳೆದಿದೆ. ಅದರ ಕಾಯಿಲೆಯನ್ನು ದೊರೆಗಳು ಮೂರು ಒಗಟು ಮಾಡಿ ಕೇಳುತ್ತಾರೆ. ಬಿಡಿಸಿ ಗಾಡಿ ಓಡಿಸಿದವರಿಗೆ ಅರ್ಧ ರಾಜ್ಯ, ಜೊತೆಗೆ ರಾಜಕುಮಾರಿ ಹೊನ್ನಾಜಿ. ತಪ್ಪಿದವರ ತಲೆ ಕೋಟೆ ಬಾಗಿಲಿಗೆ."

ಹೊನ್ನಾಜಿಯನ್ನು ಯಾರೂ ಕೇಳಿರಲಿಲ್ಲ. ನಮ್ಮ ಮನೆಗಳಂತೆ ಅರಮನೆಯಲ್ಲೂ ಅಷ್ಟೇ.

ದೊರೆಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅಂಗಳದಲ್ಲಿ ಗಾಡಿಯ ಸುತ್ತ ಶತಪಥ ತಿರುಗುತ್ತಲೇ ಮೊದಲನೇ ಒಗಟು ಹಾಕಿದ: "ಹೊಟ್ಟೆ ಬಿರಿಯ ಕುಡಿಯುತ್ತಾನೆ, ಏರು ಹತ್ತಲು ತ್ರಾಣವಿಲ್ಲ. ಉಗುಳಿದರೆ ಮಸಿ. ಇವನಿಗೆ ಏನು ಕಮ್ಮಿ? ಉತ್ತರ ನನಗೂ ಗೊತ್ತಿಲ್ಲ. ಸರಿಯೋ ತಪ್ಪೋ ಗಾಡಿಯೇ ಹೇಳುತ್ತದೆ."

ಪಕ್ಕದ ದೇಶದ ರಾಜಕುಮಾರ, "ಕಮ್ಮಿ ಏನಿಲ್ಲ, ದೃಷ್ಟಿಯಾಗಿದೆ" ಎಂದು ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಡಿಸಿದ. ಗಾಡಿ ಹಣ್ಣು ಜಜ್ಜಿ ನಿಂತಿತು. ಅವನ ತಲೆ ಹೋಯಿತು. ಒಬ್ಬ ಸಾಹುಕಾರನ ಮಗ, "ಕುಡಿದದ್ದು ಸಾಲದು" ಎಂದು ಸ್ಕ್ರೂ ತಿರುಗಿಸಿ ಪೆಟ್ರೋಲು ಜಾಸ್ತಿ ಬಿಟ್ಟ. ದೊರೆಯ ಬಿಳಿ ರುಮಾಲು ಹೊಗೆಗೆ ಬಾಣಲೆಯ ತಳದಂತಾಯಿತು. ಅವನದೂ ಹೋಯಿತು. ಆಮೇಲೆ ಯಾರೂ ಮುಂದೆ ಬರಲಿಲ್ಲ. ಅರಮನೆಯ ಡ್ರೈವರ್ ದೊಡ್ಡೀರನನ್ನೇ ಎಳೆದು ತಂದರು. ಅವನು ಅದೇ ಸ್ಕ್ರೂವನ್ನು ಬಿಗಿಯಾಗಿ ಹಿಂದಕ್ಕೆ ತಿರುಗಿಸಿ ಪೆಟ್ರೋಲು ಕಡಿಮೆ ಮಾಡಿದ. ಗಾಡಿ ಕಂದಕದ ಸೇತುವೆವರೆಗೆ ಹೋಗಿ ನಿಂತಿತು.

"ಅಷ್ಟು ದೂರ ಹೋಯಿತಲ್ಲ, ನಾಳೆ ಸಂಜೆವರೆಗೂ ಬದುಕಿಕೋ" ಎಂದು ದೊರೆ ಅವನಿಗೆ ಸಂಕೋಲೆ ಹಾಕಿಸಿದ.

ಮರುದಿನ ದೊಡ್ಡೀರನ ತಮ್ಮ ಸಣ್ಣೀರ ಓಡಿಬಂದ. ಕೋಟೆ ಹೊರಗಿನ ಹೋಟೆಲಿನಲ್ಲಿ ಪಂಪ್ ಸ್ಟೌ ಮುಂದೆ ಕೂತು ಟೀ ಕಾಯಿಸುವವನು.

"ಗಾಡಿಗೆ ಟೀ ಕುಡಿಸ್ತೀಯೇನೋ?" ಎಂದ ದೊರೆ. ಸಭೆ ನಕ್ಕಿತು.

"ಕುಡಿದಿರೋದೇ ಜಾಸ್ತಿಯಾಗಿದೆ, ಬುದ್ಧೀ" ಎಂದು ಸಣ್ಣೀರ ಕಿಡಿ ಹೊತ್ತಿಸುವ ಪ್ಲಗ್ ಬಿಚ್ಚಿದ. ತುದಿ ಕಪ್ಪಗೆ ಮಸಿ. "ಈ ಮಸಿ ನನಗೆ ಗೊತ್ತು. ಸ್ಟೌಗೆ ಗಾಳಿ ಸಾಲದಿದ್ದರೆ ಉರಿ ಹಳದಿಯಾಗಿ ಪಾತ್ರೆಗೆ ಹಿಡಿಯೋದು ಇದೇ. ಎಣ್ಣೆ ಎಷ್ಟು ಸುರಿದರೂ ಹಾಲು ಉಕ್ಕಲ್ಲ. ಕಮ್ಮಿಯಾಗಿರೋದು ಉಸಿರು."

ಗಾಡಿ ಗಾಳಿ ಎಳೆದುಕೊಳ್ಳುವ ಡಬ್ಬಿಯ ಮುಚ್ಚಳ ತೆಗೆದವನು ಹಾಗೇ ನಿಂತುಬಿಟ್ಟ. ಒಳಗೆ ಕೊಳೆತ ಚೆಂಡುಹೂವು, ವಿಭೂತಿ, ಒಂದು ಹಿಡಿ ಹುಗ್ಗಿ. ಆಯುಧಪೂಜೆಯ ದಿನ ಆ ಗಾಡಿಯನ್ನು ದೊರೆಯ ಹೊರತು ಇನ್ಯಾರೂ ಮುಟ್ಟುವಂತಿರಲಿಲ್ಲ. ಅದು ಊರಿಗೇ ಗೊತ್ತು. ಮಂತ್ರಿ ಕಣ್ಣಲ್ಲೇ ಬೇಡ ಬೇಡ ಎನ್ನುತ್ತಿದ್ದ.

"ಯಾರ ಕೆಲಸ ಇದು?" ಎಂದ ದೊರೆ.

ಸಣ್ಣೀರ ಸಂಕೋಲೆಯಲ್ಲಿದ್ದ ಅಣ್ಣನನ್ನು ನೋಡಿದ. "ಪೂಜೆ ಮಾಡಿದವರದು, ಬುದ್ಧೀ."

ದೊರೆಯ ನಡಿಗೆ ನಿಂತಿತು. "ಗಾಡಿಗೂ ಬಾಯಿದೆಯಲ್ಲ, ನೈವೇದ್ಯ ಬೇಡವೇ ಅಂತ ಇಟ್ಟೆ."

"ಅದು ಬಾಯಲ್ಲ, ಬುದ್ಧೀ. ಮೂಗು."

ದೊರೆ ತನ್ನ ಮೂಗನ್ನೇ ಒಮ್ಮೆ ಮುಟ್ಟಿ ನೋಡಿಕೊಂಡು, "ಮುಂದುವರಿಸು" ಎಂದ.

ಡಬ್ಬಿ ತೊಳೆದು, ಒಣಗಿಸಿ ಹಾಕಿ ಗಾಡಿ ಎಬ್ಬಿಸಿದರು. ಮಸಿ ನಿಂತಿತು. ಆದರೆ ಸ್ವಲ್ಪ ಹೊತ್ತಿಗೇ ಹೊಸ ಗಲಾಟೆ. ದೊರೆ ಎರಡನೆಯದು ಹಾಕಿದ: "ಉಸಿರು ಬಂತು, ಈಗ ಮೈ ಕೆಂಡ. ಹೆಜ್ಜೆ ಹೆಜ್ಜೆಗೂ ಢಮ್ಮೆಂದು ಸೀನುತ್ತಾನೆ. ಪ್ಲಗ್ ಬಿಚ್ಚಿದರೆ ತುದಿ ಸುಣ್ಣ. ಇವನಿಗೆ ಏನು ಹೆಚ್ಚಾಗಿದೆ?"

ಸಣ್ಣೀರನಿಗೆ ಉತ್ತರ ಗೊತ್ತಿತ್ತು. ಹೇಳಿದರೆ ತಪ್ಪು ಅಣ್ಣನ ತಲೆಗೆ. ಅವನು ಪ್ಲಗ್ ಒರೆಸುತ್ತಲೇ ಇದ್ದದ್ದು ಕಂಡು ದೊಡ್ಡೀರನೇ ಕೂಗಿದ: "ಹೇಳೋ ಬೆಪ್ಪೇ. ಸ್ಕ್ರೂ ಬಿಗಿದವನು ನಾನೇ."

"ಉಪವಾಸ ಹೆಚ್ಚಾಗಿದೆ, ಬುದ್ಧೀ. ಮೂಗು ಕಟ್ಟಿದ್ದಾಗ ಕುಡಿಯೋದನ್ನ ಕಡಿಮೆ ಮಾಡಿದ್ದು ಅಣ್ಣ. ಈಗ ಮೂಗು ಬಿಟ್ಟಿದೆ, ಗಾಳಿಗೆ ತಕ್ಕಷ್ಟು ಪೆಟ್ರೋಲು ಇಲ್ಲ." ಕಿವಿಗೊಟ್ಟು ಕೇಳುತ್ತ ಸ್ಕ್ರೂವನ್ನು ಚೂರುಚೂರೇ ಬಿಟ್ಟ. ಸೀನು ನಿಂತು, ಗಾಡಿ ಬೆಕ್ಕಿನ ಹಾಗೆ ಗುರುಗುಟ್ಟಿತು.

ಹೊನ್ನಾಜಿ ತಾನೇ ಓಡಿಸಿ ನೋಡುತ್ತೇನೆಂದು ಹತ್ತಿ ಕೂತಳು. ಕೋಟೆಯ ಏರಿಗೆ ಬರುವಷ್ಟರಲ್ಲಿ ಮತ್ತೆ ಕಪ್ಪು ಹೊಗೆ. ಗಾಡಿ ನಿಂತೇಹೋಯಿತು. ಸೂರ್ಯ ಕೋಟೆ ಗೋಡೆಗೆ ತಾಗಿದ್ದ. ಕತ್ತಿಯವನು ಅಣ್ಣನ ಪಕ್ಕಕ್ಕೆ ಬಂದು ನಿಂತ.

"ಕೊನೆಯದು" ಎಂದ ದೊರೆ. "ಬೆಳಗಿನ ಚಳಿಯಲ್ಲಿ ಮೂಗು ಹಿಡಿದರೆ ಏಳುತ್ತಾನೆ. ಮೈ ಬಿಸಿಯಾದ ಮೇಲೂ ಹಿಡಿದಿದ್ದರೆ ಸಾಯುತ್ತಾನೆ. ಈಗ ಹಿಡಿದಿರುವವರು ಯಾರು?"

ಸಣ್ಣೀರ ಗಾಡಿಯೊಳಗೆ ಬಗ್ಗಿದ. ಚಳಿಯಲ್ಲಿ ಗಾಳಿ ತಡೆದು ಗಾಡಿ ಎಬ್ಬಿಸಲು ಎಳೆಯುತ್ತಾರಲ್ಲ, ಆ ಚೋಕಿನ ಗುಂಡಿ ಪೂರ್ತಿ ಹೊರಗೆ ಬಂದಿತ್ತು. ಅದಕ್ಕೆ ಜರಿಯ ಚೀಲ ನೇತಾಡುತ್ತಿತ್ತು.

"ತಾಯಿ, ಇದು ನಿಮ್ಮದಾ?"

"ಗೂಟ ಅಂದುಕೊಂಡೆ" ಎಂದಳು ಹೊನ್ನಾಜಿ.

ಚೀಲ ತೆಗೆದು ಗುಂಡಿ ಒಳಕ್ಕೆ ಒತ್ತಿದ. ಗಾಡಿ ಏರನ್ನು ಒಂದೇ ಉಸಿರಿಗೆ ಹತ್ತಿತು. ಕೆಳಗೆ ಬಂದ ಮೇಲೆ ಪ್ಲಗ್ ಬಿಚ್ಚಿ ತೋರಿಸಿದ. ಕಪ್ಪೂ ಅಲ್ಲ, ಬಿಳುಪೂ ಅಲ್ಲ, ಹದವಾಗಿ ಹುರಿದ ಗೋಧಿಯ ಬಣ್ಣ.

"ಅರ್ಧ ರಾಜ್ಯ ತಗೋ" ಎಂದ ದೊರೆ.

"ಮೊದಲು ಅಣ್ಣನ್ನ ಬಿಡಿಸಿ, ಬುದ್ಧೀ."

ಸಂಕೋಲೆ ಬಿಚ್ಚಿದರು. ರಾಜ್ಯವನ್ನೂ ಕೊಟ್ಟರು. ಹೊನ್ನಾಜಿ ಮಾತ್ರ, "ಮದುವೆ ಆಮೇಲೆ ನೋಡೋಣ. ಆ ಸ್ಕ್ರೂ ಎಷ್ಟು ತಿರುಗಿಸೋದು ಅಂತ ಮೊದಲು ಕಲಿಸು" ಎಂದಳು.

ಕತೆ ಮುಗಿಯಿತು, ಈಗ ಕೇಳು ಎಂದೆ ಮಗಳಿಗೆ. ಅವಳು ಕೇಳಿದಳು.

"ಅಮ್ಮಾ, ಹುಗ್ಗಿ ತುರುಕಿದ್ದು ರಾಜ ತಾನೆ? ಹಾಗಿದ್ರೆ ಕೋಟೆ ಬಾಗಿಲಲ್ಲಿರೋ ಆ ಎರಡು ತಲೆ ಯಾಕೆ ಹೋಯ್ತು?"