ತುಂಗವ್ವನ ತಗಡಿನ ಪೆಟ್ಟಿಗೆ

ಒಂದು ಕಾಡಿನ ಅಂಚಿಗೆ ಪಟ್ಟಣದ ಲಾರಿಯೊಂದು ಬಂದು ಹಳೇ ಕಂಪ್ಯೂಟರುಗಳನ್ನು ಸುರಿದು ಹೋಯಿತು. ಪ್ರಾಣಿಗಳೆಲ್ಲ ಮೂಸಿ ನೋಡಿ, ತಿನ್ನಲಿಕ್ಕಾಗದ್ದು ಎಂದು ಮುಖ ತಿರುಗಿಸಿದವು. ತುಂಗವ್ವ ಎಂಬ ಮೊಲ ಮಾತ್ರ ಅಲ್ಲೇ ಸುತ್ತಾಡಿದಳು. ಹೋದ ಸಲ ಹೆತ್ತ ಮರಿಗಳನ್ನು ಹುಲ್ಲಿನ ಮರೆಯಲ್ಲಿಟ್ಟು ಕಳೆದುಕೊಂಡಿದ್ದಳು, ಪಾಪ. ಈಗ ಮತ್ತೆ ಮೂರು ಮರಿಗಳಿದ್ದವು. ಅವಳು ಒಂದು ತಗಡಿನ ಪೆಟ್ಟಿಗೆಯ ತಂತಿಗಳನ್ನೆಲ್ಲ ಕಚ್ಚಿ ಎಳೆದು ಹಾಕಿ, ಹುಲ್ಲು ತೂರಿಸಿ, ಮರಿಗಳನ್ನು ಒಳಗೆ ಬಿಟ್ಟಳು. ಸೀಡಿ ಹಾಕುವ ಕಿಂಡಿಯೇ ಬಾಗಿಲು. ಮರಿಗಳು ಅದರಲ್ಲಿ ನುಸುಳುತ್ತಿದ್ದವು, ವೈರಿಯ ಮೂತಿ ತೂರುತ್ತಿರಲಿಲ್ಲ.

ಮೊಲಗಳ ಪದ್ಧತಿಯೇ ಹಾಗೆ, ತಾಯಿ ಹಗಲೆಲ್ಲ ಮರಿಗಳ ಹತ್ತಿರ ಸುಳಿಯುವುದಿಲ್ಲ. ತನ್ನ ವಾಸನೆ ಹಿಡಿದು ಯಾರಾದರೂ ಬಂದಾರೆಂಬ ಭಯ. ಸಂಜೆ ಬಂದು ನೆಲ ತಟ್ಟಿದರೆ ಮರಿಗಳು ಹೊರಬಂದು ಹಾಲು ಕುಡಿಯುತ್ತವೆ. ಕೆಂಚಪ್ಪ ನರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅವನು ಬಂದು ಪೆಟ್ಟಿಗೆಯನ್ನು ಬಾಯ್ತುಂಬ ಹೊಗಳಿದ.

"ಬಿಸಿಲಿಗೆ ತಗಡು ಕಾಯ್ತದೆ ಕಣವ್ವ. ಹಿಂದಿನ ಫ್ಯಾನು ಹೇಗೂ ತಿರುಗೋದಿಲ್ಲ. ಕಿತ್ತುಬಿಡು, ಮಕ್ಕಳಿಗೆ ಗಾಳಿಯಾಡಲಿ" ಎಂದ.

ಬೆಣ್ಣೆಯಂಥ ಮಾತಿಗೆ ಕರಗಿ ಪೆದ್ದಿ ತುಂಗವ್ವ ಫ್ಯಾನು ಕಿತ್ತೇಬಿಟ್ಟಳು.

ಮರುದಿನ ನಡುಹಗಲು ಮೇಯುತ್ತಿದ್ದವಳಿಗೆ ತಗಡು ಬಡಿದ ಸದ್ದು ಕೇಳಿತು. ಪದ್ಧತಿ ಮರೆತು ಓಡಿಬಂದಳು. ಪೆಟ್ಟಿಗೆಯ ಹಿಂದೆ ಕೆಂಚಪ್ಪನ ಬಾಲ ಆಡುತ್ತಿತ್ತು, ತಲೆಯೆಲ್ಲ ಒಳಗೆ. ಕೈಯಾರೆ ಮಕ್ಕಳನ್ನು ನರಿಯ ಬಾಯಿಗಿಟ್ಟೆನಲ್ಲ ಎಂದುಕೊಂಡಳು ತುಂಗವ್ವ. ಏನೂ ತೋಚದೆ ನೆಲ ತಟ್ಟಿದಳು.

ಕಿಂಡಿಯಿಂದ ಒಂದು ಮರಿ ಹೊರಗೆ ಬಿತ್ತು. ಅದರ ಹಿಂದೆ ಇನ್ನೊಂದು. ಮೂರನೆಯದು ಬರಲು ಯುಗವೇ ಹಿಡಿದಂತಾಯಿತು, ಆದರೂ ಬಂತು. ಕೆಂಚಪ್ಪನ ಹಲ್ಲು ಒಳಗೆ ಬರೀ ಗಾಳಿ ಕಚ್ಚುತ್ತಿದ್ದವು. ಅವನ ಕುತ್ತಿಗೆ ಫ್ಯಾನಿನ ತೂತಿನಲ್ಲಿ ಸಿಕ್ಕಿಕೊಂಡಿತ್ತು. ಮುಂದೆ ಹೋಗಲಾರ, ಹಿಂದೆ ಬರಲಾರ.

"ಬಿಡಿಸವ್ವ, ಮಕ್ಕಳನ್ನ ನೋಡೋಕೆ ಬಂದಿದ್ದೆ" ಎಂದು ಒಳಗಿನಿಂದಲೇ ಗೋಗರೆದ.

"ನೋಡಿದೆಯಲ್ಲ, ಹೋಗು" ಎಂದಳು ತುಂಗವ್ವ.

ಕೆಂಚಪ್ಪ ಪೆಟ್ಟಿಗೆ ಹೊತ್ತುಕೊಂಡೇ ಕಂಡಕಂಡ ಮರಕ್ಕೆ ಡಿಕ್ಕಿ ಹೊಡೆಯುತ್ತ ಓಡಿದ. ಆ ಕಡೆ ಮತ್ತೆ ತಲೆ ಹಾಕಲಿಲ್ಲ. ತುಂಗವ್ವ ಇನ್ನೊಂದು ಪೆಟ್ಟಿಗೆ ಹುಡುಕಲು ಹೋದರೆ, ಮುಖ ತಿರುಗಿಸಿದ್ದ ಪ್ರಾಣಿಗಳೆಲ್ಲ ಅಲ್ಲಿ ನನಗೊಂದು ತನಗೊಂದು ಎಂದು ಮುಗಿಬಿದ್ದಿದ್ದವು.

ನೀತಿ: ಹಳೆಯದಾದ ಮಾತ್ರಕ್ಕೆ ಯಾವುದೂ ಕಸವಲ್ಲ, ಇತರರಿಗೆ ಹಳ್ಳ ತೋಡಿದವನು ತಾನೇ ಅದರಲ್ಲಿ ಬೀಳುತ್ತಾನೆ.