ಇಂಜಿನ್ ಆರಿಸಿಕೊಂಡ ಕೊಳವೆ

ಗ್ಯಾರೇಜೊಂದರಲ್ಲಿ ಕಾರಿನ ಇಂಜಿನ್ನಿಗೆ ಗಾಳಿ ಎಳೆದುಕೊಳ್ಳಲು ಹೊಸ ಕೊಳವೆ ಬೇಕಾಗಿತ್ತು. ಎರಡು ಕೊಳವೆಗಳು ಮುಂದೆ ಬಂದವು.

"ನಾನು ಬಾನೆಟ್ಟಿನ ಕೆಳಗೆ, ಎತ್ತರದಲ್ಲಿ ಕೂರುತ್ತೇನೆ," ಎಂದಿತು ಗಿಡ್ಡ ಕೊಳವೆ. "ನನ್ನ ಗಾಳಿ ತುಸು ಬೆಚ್ಚಗಿರುತ್ತದೆ. ಆದರೆ ಮಳೆಗಾಲದ ನೀರು ನನ್ನ ಬಾಯಿಗೆ ಎಟುಕುವುದಿಲ್ಲ."

"ನಾನು ಬಂಪರಿನ ಹಿಂದೆ, ನೆಲಕ್ಕೆ ಹತ್ತಿರ ಇರುತ್ತೇನೆ," ಎಂದಿತು ಉದ್ದ ಕೊಳವೆ. "ತಣ್ಣನೆಯ ಗಾಳಿ ಕೊಡುತ್ತೇನೆ. ನೀವು ಗುಡುಗಿದರೆ ಊರೇ ತಿರುಗಿ ನೋಡಬೇಕು."

ಬಿಸಿಲಿನಲ್ಲಿ ಏದುಸಿರು ಬಿಟ್ಟದ್ದು ಇಂಜಿನ್ನಿಗೆ ನೆನಪಾಯಿತು. "ಮಳೆ ಬಂದಾಗ ನೋಡಿಕೊಳ್ಳೋಣ," ಎಂದು ಉದ್ದ ಕೊಳವೆಯನ್ನೇ ಆರಿಸಿಕೊಂಡಿತು. ಬೇಸಿಗೆಯಿಡೀ ಘಟ್ಟದ ರಸ್ತೆಯಲ್ಲಿ ಹೆಮ್ಮೆಯಿಂದ ಗುಡುಗಿತು.

ಆಷಾಢದ ಒಂದು ಬೆಳಿಗ್ಗೆ ಕಾರಿನ ಒಡತಿ ಸುಗಂಧಿ, ಹೆರಿಗೆ ನೋವು ಶುರುವಾದ ತಂಗಿಯನ್ನು ಕೂರಿಸಿಕೊಂಡು ಆಸ್ಪತ್ರೆಗೆ ಹೊರಟಳು. ರೈಲ್ವೆ ಸೇತುವೆಯ ಕೆಳಗೆ ಮೊಣಕಾಲುದ್ದ ನೀರು ನಿಂತಿತ್ತು. ನಡುವೆ ಬರುವಷ್ಟರಲ್ಲಿ ಕೊಳವೆ ನೀರು ಎಳೆದುಕೊಂಡಿತು, ಇಂಜಿನ್ ಬಿಕ್ಕಳಿಸಿ ನಿಂತುಬಿಟ್ಟಿತು.

"ಮತ್ತೆ ಸ್ಟಾರ್ಟ್ ಮಾಡಬೇಡಿ ಅಕ್ಕಾ, ಇಂಜಿನ್ ಒಡೆದು ಹೋಗುತ್ತೆ!" ಎಂದು ಹಿಂದಿನ ಲಾರಿಯವನು ಕೂಗಿದ. ಅಕ್ಕತಂಗಿಯರನ್ನು ಹತ್ತಿಸಿಕೊಂಡು ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಮುಟ್ಟಿಸಿದ.

ನೀರಿನಲ್ಲಿ ಒಂಟಿಯಾಗಿ ಉಳಿದ ಇಂಜಿನ್ ಕೆರಳಿತು. "ಗಾಳಿ ಕೇಳಿದರೆ ನೀರು ಕುಡಿಸಿದೆಯಲ್ಲ!"

"ಬಾಯಿಯ ಮುಂದೆ ಇದ್ದದ್ದನ್ನು ಕೊಟ್ಟೆ, ಒಡೆಯಾ," ಎಂದಿತು ಕೊಳವೆ. "ನೆಲಕ್ಕೆ ಹತ್ತಿರ ಇರುತ್ತೇನೆಂದು ನಾನೇನೂ ಮುಚ್ಚಿಟ್ಟಿರಲಿಲ್ಲ."

"ನಿನ್ನದೇನೂ ತಪ್ಪಿಲ್ಲ," ಎಂದಿತು ಇಂಜಿನ್. "ಆರಿಸಿದ್ದು ನಾನು."