ಅಕ್ಕಿಯ ಮೇಲೆ ಏರಿದ ಲೆಕ್ಕ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮೂರ ಬಸವಣ್ಣನ ಗುಡಿಯ ಪೂಜಾರಿ ಶಾಂತವೀರಯ್ಯನವರು. ಮಂಗಳಾರತಿ ತಟ್ಟೆ ಕೆಳಗಿಟ್ಟು, ವಿಭೂತಿ ಕೈಯನ್ನು ಒರೆಸಿಕೊಂಡು, ನಿಧಾನವಾಗಿ ಹೇಳುತ್ತಿದ್ದರು.

ಹೊನ್ನಗಿರಿಯ ಅರಸನಿಗೆ ಮೇಲ್ಸೀಮೆ, ಕೆಳಸೀಮೆ ಎಂದು ಎರಡು ಸೀಮೆಗಳಿದ್ದವು. ಎರಡರಲ್ಲೂ ಅಕ್ಷರ ಕಲಿಸುವ ಮಠ ಕಟ್ಟಿಸಿ, ಪಾಠ ಹೇಳುವ ಐಗಳಿಗೆ ಉಂಬಳಿ ಹೊಲ ಬಿಟ್ಟಿದ್ದ. ಕೆಲವು ವರ್ಷ ಕಳೆದ ಮೇಲೆ, ಹೊಸ ಮಕ್ಕಳನ್ನು ಸೇರಿಸಿಕೊಳ್ಳುವ ವಿಜಯದಶಮಿಯ ಹಿಂದಿನ ದಿನ, ಎಲ್ಲಿ ಎಷ್ಟು ಮಕ್ಕಳು ಸೇರಿದರೆಂದು ಸಭೆಯಲ್ಲಿ ಕೇಳಿದ.

ಮೇಲ್ಸೀಮೆಯ ದೇಸಾಯಿ ಗುರುಪಾದಪ್ಪ ಮೀಸೆ ತಿರುವಿ ಎದ್ದ. "ನಾನು ಅಕ್ಷರ ಕಲಿತವನಲ್ಲ, ಪ್ರಭು. ಆದರೆ ನಮ್ಮ ಮಠಕ್ಕೆ ಮೊದಲ ವರ್ಷ ಇಪ್ಪತ್ತು ಮಕ್ಕಳು ಸೇರಿದರು. ಮರುವರ್ಷ ನಲವತ್ತು, ಹೋದ ವರ್ಷ ಅರವತ್ತು. ನಾಳೆ ಎಂಬತ್ತು."

ಕೆಳಸೀಮೆಯ ಮರಿಯಯ್ಯ ಐಗಳು ಮೆಲ್ಲಗೆ ಹೇಳಿದರು: "ನಮ್ಮಲ್ಲಿ ಮೊದಲ ವರ್ಷ ಅರವತ್ತು. ಆಮೇಲೆ ಇಪ್ಪತ್ತು, ಹತ್ತು. ನಾಳೆ ನಾಲ್ಕೇ."

"ಇಳಿಯುವ ಮಠಕ್ಕೆ ಹೊಲವೇಕೆ?" ಎಂದ ಅರಸ. "ಐಗಳ ಉಂಬಳಿ ಮೇಲ್ಸೀಮೆಗೆ ಸೇರಲಿ. ಕೆಳಸೀಮೆಯ ಮಠಕ್ಕೆ ಬೀಗ ಹಾಕಿ."

ಐಗಳ ಮುಖ ಬಾಡಿತು. ಪಕ್ಕದಲ್ಲಿ ಕೂತಿದ್ದ ಆಸ್ಥಾನದ ವಿದೂಷಕ ತಿಪ್ಪರಸನಿಗೆ, ಮೇಲ್ಸೀಮೆಯಲ್ಲಿ ವರ್ಷವರ್ಷವೂ ಇಷ್ಟು ಮಕ್ಕಳು ಎಲ್ಲಿಂದ ಹುಟ್ಟುತ್ತಾರಪ್ಪ ಅನ್ನಿಸಿತು.

"ಪ್ರಭು, ಬೀಗ ಎಲ್ಲಿಗೂ ಓಡಿಹೋಗುವುದಿಲ್ಲ," ಎಂದ ಅವನು. "ನಾಳೆ ಎರಡೂ ಸೀಮೆಯ ಅಕ್ಷರಾಭ್ಯಾಸ ಇಲ್ಲೇ ಆಗಲಿ. ಕೊಬ್ಬರಿ ಸಕ್ಕರೆ ಅರಮನೆಯದು."

"ಅದಕ್ಕೇನಂತೆ ತಿಪ್ಪರಸರೇ," ಎಂದ ದೇಸಾಯಿ. "ಸಕ್ಕರೆ ಮಾತ್ರ ಸಾಲದೆ ಹೋದೀತು, ನೋಡಿಕೊಳ್ಳಿ."

ಮರುದಿನ ಅಕ್ಕಿ ಹರವಿದ ತಟ್ಟೆಗಳು ಬಂದವು. ಕೆಳಸೀಮೆಯ ನಾಲ್ವರಲ್ಲಿ ಒಂದು ಮಗು ತಾಯಿಯ ಸೆರಗು ಬಿಡಲಿಲ್ಲ, ಇನ್ನೊಂದು ಅಕ್ಕಿಯನ್ನೆಲ್ಲ ಚೆಲ್ಲಿತು. ಐಗಳು ಒಬ್ಬೊಬ್ಬರನ್ನೂ ತೊಡೆಯ ಮೇಲೆ ಕೂರಿಸಿಕೊಂಡು, ಬೆರಳು ಹಿಡಿದು 'ಓಂ' ಬರೆಸುವಷ್ಟರಲ್ಲಿ ಬೆವರಿಬಿಟ್ಟರು. ಅರಸ ಮುಖ ಸಿಂಡರಿಸಿದ.

ಮೇಲ್ಸೀಮೆಯ ಎಂಬತ್ತು ಮಕ್ಕಳು ಸಾಲಾಗಿ ಕೂತರು. ಯಾರೂ ಹೇಳುವ ಮೊದಲೇ ಅಂಗೈಯಿಂದ ಅಕ್ಕಿ ಸಮ ಮಾಡಿ, ದುಂಡಗೆ 'ಓಂ' ಬರೆದು, ಸಕ್ಕರೆಗೆ ಕೈ ಚಾಚಿದರು.

"ಕೈ ಹಿಡಿಯುವವರೂ ಬೇಡವಲ್ಲ ದೇಸಾಯರೇ!" ಎಂದ ಅರಸ.

"ನಮ್ಮ ಮಣ್ಣಿನ ಗುಣ, ಪ್ರಭು."

ತಿಪ್ಪರಸ ಮೀಸೆ ಚಿಗುರುತ್ತಿದ್ದ ಒಬ್ಬ ಹುಡುಗನ ಮುಂದೆ ಕುಕ್ಕರಗಾಲಲ್ಲಿ ಕೂತ. "ಚೆನ್ನಾಗಿ ಬರೆದೆ ಕಣಪ್ಪ. ಮುಂದಿನ ಅಕ್ಷರ ಬರಿ."

"ಮುಂದಿನದು ಇಲ್ಲ ಸ್ವಾಮಿ. ಸಕ್ಕರೆ ಕೊಡ್ತಾರೆ, ಮನೆಗೆ ಹೋಗ್ತೀವಿ. ಮತ್ತೆ ಸೇರೋದು ಮುಂದಿನ ದಸರಾಕ್ಕೇ."

"ಇದು ನಿನಗೆ ಎಷ್ಟನೇ ದಸರಾ?"

"ನಾಲ್ಕನೇದು. ನನ್ನ ತಮ್ಮನಿಗೆ ಮೂರನೇದು."

ಅರಸ ಐಗಳ ಕಡೆ ತಿರುಗಿದ. "ಹಾಗಾದರೆ ನಿಮ್ಮಲ್ಲಿ ನಾಲ್ಕೇ ಏಕೆ?"

"ಮಿಕ್ಕವರೆಲ್ಲ ಮಠದಲ್ಲೇ ಓದುತ್ತಿದ್ದಾರೆ, ಪ್ರಭು. ಮನೆಯಲ್ಲಿ ಉಳಿದಿದ್ದವರು ಇಷ್ಟೇ."

"ಅದೇ ಇವರು ಮಾಡಿದ ತಪ್ಪು," ಎಂದ ತಿಪ್ಪರಸ. "ಒಂದು ಸಲ ಸೇರಿಸಿಕೊಂಡ ಮಗುವನ್ನು ಹೊರಗೇ ಬಿಡುವುದಿಲ್ಲ. ಲೆಕ್ಕ ಏರುವುದು ಹೇಗೆ?"

ಅರಸನಿಗೆ ನಾಚಿಕೆಯೂ ಆಯಿತು, ನಗೆಯೂ ಬಂತು. "ಉಂಬಳಿ ಐಗಳಿಗೇ ಇರಲಿ. ದೇಸಾಯರೇ, ಅಕ್ಷರ ಕಲಿತವನಲ್ಲ ಅಂದಿರಿ. ಇವತ್ತೇ ಕೆಳಸೀಮೆಯ ಮಠಕ್ಕೆ ಸೇರಿ. ಓದಲು ಬಂದ ಮೇಲೆ ಬಿಡುತ್ತಾರೆ."

ತಿಪ್ಪರಸ ಕೈಮುಗಿದ. "ಶುಭವಾಯಿತು, ಪ್ರಭು. ಕೆಳಸೀಮೆಯ ಲೆಕ್ಕವೂ ಏರಿತು. ಈ ವರ್ಷ ಐದು."

ಅರಸ ಬಿದ್ದು ಬಿದ್ದು ನಕ್ಕು, ಮಿಕ್ಕ ಸಕ್ಕರೆಯನ್ನೆಲ್ಲ ಅವನ ಉಡಿಗೆ ಸುರಿದ. ಮೇಲ್ಸೀಮೆಯಲ್ಲೂ ಆಮೇಲೆ ಎರಡನೆಯ ಅಕ್ಷರ ಶುರುವಾಯಿತಂತೆ.

ಶಿವನ ದಯೆಯಿಂದ ಕತೆ ನಿಮಗೆ ತಲುಪಿತು. ನೀವೂ ನಾಲ್ಕು ಜನಕ್ಕೆ ಹೇಳಿ. ಆದರೆ ಕೇಳದವರಿಗೇ ಹೇಳಿ. ಕೇಳಿದವರಿಗೇ ಮತ್ತೆ ಹೇಳಿ ಲೆಕ್ಕ ಏರಿಸಬೇಡಿ.